ಜುಲೈ ಒಂದರ ಪಟ್ಟಿ

ಹೆಡ್‌ಮಿಸ್ ನನ್ನ ಕೈಗೆ ಕೊಟ್ಟದ್ದು ಒಂದೇ ಒಂದು ಹಾಳೆ. ಮೇಲೆ ಚರ್ಚೆಯ ವಿಷಯ ಅಚ್ಚಾಗಿತ್ತು: ‘ದೇಶಗಳನ್ನು ಆದಾಯದ ಆಧಾರದ ಮೇಲೆ ವರ್ಗೀಕರಿಸುವುದು ಸರಿಯೇ?’ ಕೆಳಗೆ ನಿಯಮಗಳು. ಪ್ರತಿ ಶಾಲೆಯಿಂದ ಇಬ್ಬರು. ಒಬ್ಬರು ಪರ, ಒಬ್ಬರು ವಿರೋಧ. ಒಬ್ಬೊಬ್ಬರಿಗೆ ನಾಲ್ಕು ನಿಮಿಷ, ಮೂರನೆಯ ನಿಮಿಷಕ್ಕೆ ಒಂದು ಸಲ ಗಂಟೆ ಬಾರಿಸುತ್ತಾರೆ, ನಾಲ್ಕನೆಯದಕ್ಕೆ ಎರಡು ಸಲ. ಚೀಟಿ ನೋಡಿ ಓದುವಂತಿಲ್ಲ. ಸ್ಥಳ, ನಮ್ಮ ಪಟ್ಟಂದೂರು ಅಗ್ರಹಾರದ ಪಕ್ಕದ ಐಟಿ ಪಾರ್ಕಿನಲ್ಲಿರುವ ಒಂದು ಕಂಪನಿಯ ಸಭಾಂಗಣ.

“ಐದು ವಾರ ಇದೆ ಮೇಡಂ. ಸೋಶಿಯಲ್ ಟೀಚರ್ ಹೆರಿಗೆ ರಜಕ್ಕೆ ಹೋಗಿದ್ದಾರೆ. ನೀವು ಕಾನ್ವೆಂಟಲ್ಲಿ ಓದಿದೋರು, ಡಿಬೇಟ್ ಎಲ್ಲ ಮಾಡಿರ್ತೀರ. ಸಂಜೆ ಒಂದು ಗಂಟೆ ಬನ್ನಿ, ಸಾಕು. ಗೌರವಧನ ಅಂತ ಏನಾದ್ರೂ ಕೊಡಿಸ್ತೀನಿ,” ಅಂದರು.

ನಾನು ಮಾಡಿದ್ದು ಡಿಬೇಟ್ ಅಲ್ಲ, ಎಲೊಕ್ಯೂಷನ್. ಸಿಸ್ಟರ್ ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿ, ಹಿಂದಿನ ಗೋಡೆಯ ಗಡಿಯಾರವನ್ನೇ ನೋಡಿಕೊಂಡು, ಎಲ್ಲಿ ಬಲಗೈ ಎತ್ತಬೇಕೋ ಅಲ್ಲಿ ಎತ್ತಿ ಒಪ್ಪಿಸುವುದು. ಆ ವ್ಯತ್ಯಾಸವನ್ನು ಹೆಡ್‌ಮಿಸ್‌ಗೆ ಹೇಳಬೇಕಿತ್ತು. ಹೇಳಲಿಲ್ಲ. ಮದುವೆಯಾದ ಮೇಲೆ ಮನೆಯಾಚೆಯ ಕೆಲಸಕ್ಕೆಂದು ಯಾರಾದರೂ ನನ್ನನ್ನು ಕೇಳಿದ್ದು ಅದೇ ಮೊದಲು. ಕಾರ್ಖಾನೆಯಿಂದ ನಿವೃತ್ತರಾಗಿ ಪೇಪರ್ ಹಿಡಿದು ಕೂತಿದ್ದ ನಮ್ಮ ಯಜಮಾನರು ಸುದ್ದಿ ಕೇಳಿ, “ಹಾಗಾದ್ರೆ ಸಂಜೆ ಕಾಫಿ ನಾನೇ ಮಾಡ್ಕೋಬೇಕು ಅನ್ನು,” ಅಂದರು. ಆಮೇಲೆ ಎದ್ದು ಅವತ್ತೇ ಮಾಡಿ ನನಗೂ ಒಂದು ಲೋಟ ತಂದುಕೊಟ್ಟರು.

ನಮಗೆ ಸಿಕ್ಕ ಜಾಗ ವಿಜ್ಞಾನದ ಕೋಣೆ. ಅಸ್ಥಿಪಂಜರದ ಚಾರ್ಟಿನ ಪಕ್ಕದ ಮೊಳೆಗೆ ಪ್ರಪಂಚದ ಭೂಪಟ ತೂಗುಹಾಕಿದ್ದರು. ಯಾರೋ ಬೆರಳಿಟ್ಟು ತೋರಿಸಿ ತೋರಿಸಿ ಬೆಂಗಳೂರಿನ ಜಾಗದಲ್ಲಿ ಬಣ್ಣ ಹೋಗಿ ಬಟ್ಟೆ ಕಾಣುತ್ತಿತ್ತು. ಒಂಬತ್ತನೆಯ ತರಗತಿಯ ಹನ್ನೊಂದು ಹುಡುಗಿಯರು ಬರುತ್ತಿದ್ದರು. ಮೊದಲ ವಾರವೇ ಇಬ್ಬರನ್ನು ಆರಿಸಿದೆವು. ಇಬ್ಬರೂ ಒಂದೇ ಬೆಂಚಿನವರು.

ಒಬ್ಬಳು ಓನರ್ ಮನೆ ಹುಡುಗಿ. ಅವರದು ಈ ಊರಿನದೇ ಮನೆತನ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕು ಮಹಡಿ ಕಟ್ಟಿ ಹನ್ನೆರಡು ಮನೆ ಬಾಡಿಗೆಗೆ ಕೊಟ್ಟು, ಮೇಲಿನ ಮಹಡಿಯಲ್ಲಿ ತಾವಿದ್ದಾರೆ. ಮಾತು ಬಾಯಿಗೆ ಬಂದ ಮೇಲೆ ಯೋಚನೆ ಮಾಡುವ ಮಗು. ಇನ್ನೊಬ್ಬಳು ಅದೇ ಕಟ್ಟಡದ ಕೆಳಗಿನ ಮನೆಯವಳು. ಯಾದಗಿರಿ ಕಡೆಯವರು. ಎರಡು ವರ್ಷದ ಹಿಂದೆ ತಂದೆ ತೀರಿಕೊಂಡಿದ್ದರು. ತಾಯಿ ಐಟಿ ಪಾರ್ಕಿನಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ಈ ಹುಡುಗಿ ಪೆನ್ಸಿಲ್ ಹೆಬ್ಬೆರಳಷ್ಟಾದ ಮೇಲೂ ಖಾಲಿ ಪೆನ್ನಿನ ಕೊಳವೆಗೆ ಸಿಕ್ಕಿಸಿ ಬರೆಯುತ್ತಿದ್ದಳು. ಅಕ್ಷರ ಚಿಕ್ಕದು, ಬಲಕ್ಕೆ ವಾಲಿದ್ದು.

ಓನರ್ ಮನೆ ಹುಡುಗಿಗೆ ‘ಪರ’ ಕೊಟ್ಟೆ. ಕೆಳಮನೆ ಹುಡುಗಿಗೆ ‘ವಿರೋಧ’. ಬಡ ದೇಶ ಎಂದು ಹಣೆಪಟ್ಟಿ ಹಚ್ಚಬೇಡಿ ಎಂಬ ಮಾತು ಅವಳ ಬಾಯಲ್ಲಿ ಚೆನ್ನಾಗಿ ಕೇಳಿಸುತ್ತದೆ ಅಂದುಕೊಂಡೆ. ಯಾಕೆ ಹಾಗೆ ಹಂಚಿದಿರಿ ಎಂದು ಯಾರೂ ಕೇಳಲಿಲ್ಲ. ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ.

ವಿಷಯ ನನಗೇ ಗೊತ್ತಿರಲಿಲ್ಲ. ಮೊದಲು ನಾನು ಓದಬೇಕಾಯಿತು. ಅಡುಗೆಮನೆಯ ಕಟ್ಟೆಯ ಮೇಲೆ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ಬೀನ್ಸ್ ನಾರು ತೆಗೆಯುತ್ತ ಓದಿದೆ. ಜಗತ್ತಿನ ದೇಶಗಳಿಗೆ ಸಾಲ ಕೊಡುವ ದೊಡ್ಡ ಬ್ಯಾಂಕೊಂದು ಎಲ್ಲ ದೇಶಗಳನ್ನೂ ನಾಲ್ಕು ಗುಂಪು ಮಾಡುತ್ತದೆ: ಕಡಿಮೆ ಆದಾಯ, ಕೆಳಮಧ್ಯಮ, ಮೇಲ್ಮಧ್ಯಮ, ಹೆಚ್ಚಿನ ಆದಾಯ. ದೇಶದ ಒಟ್ಟು ಆದಾಯವನ್ನು ಜನಸಂಖ್ಯೆಯಿಂದ ಭಾಗಿಸುತ್ತಾರೆ. ಅದನ್ನು ಡಾಲರಿಗೆ ತಿರುಗಿಸುವಾಗ ಒಂದೇ ವರ್ಷದ ದರ ಹಿಡಿದರೆ ಏರುಪೇರಾಗುತ್ತದೆಂದು ಮೂರು ವರ್ಷದ ದರ ನೋಡುತ್ತಾರೆ. ಗುಂಪುಗಳ ನಡುವಿನ ಗೆರೆಯನ್ನು ಬೆಲೆಯೇರಿಕೆಗೆ ತಕ್ಕಂತೆ ಪ್ರತಿ ವರ್ಷ ಸರಿಸಿ, ಜುಲೈ ಒಂದರಂದು ಹೊಸ ಪಟ್ಟಿ ಹೊರಡಿಸುತ್ತಾರೆ. ನಮ್ಮ ದೇಶ ಕೆಳಮಧ್ಯಮದಲ್ಲಿದೆ. ಕೆಳಗಿನ ದೇಶಗಳಿಗೆ ಕಡಿಮೆ ಬಡ್ಡಿಯ ಸಾಲ ಸಿಗುವ ದಾರಿ ಇದೆ. ಮೇಲೆ ಹೋದಂತೆ ಆ ರಿಯಾಯಿತಿ ಕೈತಪ್ಪುತ್ತ ಹೋಗುತ್ತದೆ. ಒಂದು ದೇಶ ತನ್ನ ಜನಗಣತಿಯ ಅಂಕಿಯನ್ನು ತಿದ್ದಿಕೊಂಡರೆ ಸಾಕು, ಯಾರ ಮನೆಯಲ್ಲೂ ಒಂದು ಲೋಟ ಹಾಲು ಹೆಚ್ಚಾಗದೆ ಮೇಲಿನ ಗುಂಪಿಗೆ ಹೋಗಬಹುದು ಎಂದು ಓದಿದಾಗ ಬೀನ್ಸ್ ಕೆಳಗಿಟ್ಟು ಬರೆದುಕೊಂಡೆ.

ಇಷ್ಟನ್ನು ಮಕ್ಕಳಿಗೆ ಹೇಳಿದೆ. ಭೂಪಟದ ನಕಲಿಗೆ ನಾಲ್ಕು ಬಣ್ಣ ಹಚ್ಚಿಸಿದೆ. ಇಬ್ಬರಿಗೂ ಭಾಷಣ ಬರೆದುಕೊಟ್ಟೆ, ಎಲ್ಲಿ ಕೈ ಎತ್ತಬೇಕೆಂದು ಅಂಚಿನಲ್ಲಿ ಗುರುತು ಹಾಕಿ. ಎರಡನೆಯ ವಾರದ ಕೊನೆಗೆ ಇಬ್ಬರೂ ಗಡಿಯಾರ ನೋಡಿಕೊಂಡು ಗಿಳಿಗಳ ಹಾಗೆ ಒಪ್ಪಿಸುತ್ತಿದ್ದರು. ಆದರೆ ಮಧ್ಯೆ ಒಂದು ಪ್ರಶ್ನೆ ಕೇಳಿದರೆ ಇಬ್ಬರೂ ಮೊದಲ ಸಾಲಿಗೆ ಓಡುತ್ತಿದ್ದರು. ‘ಸರಾಸರಿ’ ಅವರ ತಲೆಗೆ ಇಳಿದಿರಲಿಲ್ಲ.

ಅದಕ್ಕೊಂದು ಉಪಾಯ ಹೂಡಿದೆ. ಹನ್ನೊಂದು ಮಂದಿಯಲ್ಲಿ ಐದು ಮಂದಿ ಅದೇ ಕಟ್ಟಡದವರು. ಆ ಕಟ್ಟಡವೇ ಒಂದು ದೇಶ. ಉಳಿದ ಆರು ಮಂದಿ ಬ್ಯಾಂಕಿನ ಅಧಿಕಾರಿಗಳು. ಐವರೂ ಹೆಸರಿಲ್ಲದೆ ಚೀಟಿಯಲ್ಲಿ ಮನೆಯ ತಿಂಗಳ ಆದಾಯ ಮತ್ತು ಮನೆಯ ಜನ ಎಷ್ಟು ಎಂದು ಬರೆದು ನನ್ನ ಸ್ಟೀಲ್ ಡಬ್ಬಿಗೆ ಹಾಕಬೇಕು. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬಾಡಿಗೆ ಕೊಡುವವರ ಸಂಬಳದಿಂದ ಹೋಗಿ ಓನರ್ ಆದಾಯಕ್ಕೆ ಸೇರುತ್ತದಲ್ಲ, ಎರಡು ಸಲ ಎಣಿಸಿದ ಹಾಗಾಗುತ್ತದೆ, ಅದನ್ನು ಕಳೆಯಬೇಕು ಅಂತ ನನಗೆ ತೋರಿತು. ಲೆಕ್ಕ ಅಚ್ಚುಕಟ್ಟಾಗಿರಬೇಕೆಂಬ ಚಪಲ. “ಬಾಡಿಗೆ ಎಷ್ಟು ಅಂತಾನೂ ಬರೀರಿ,” ಅಂದೆ. ದೇಶಗಳ ಲೆಕ್ಕದಲ್ಲಿ ಬಾಡಿಗೆಯನ್ನು ಹಾಗೆ ಕಳೆಯುವ ಅಗತ್ಯವೇ ಇಲ್ಲ ಎಂದು ಬಹಳ ದಿನದ ಮೇಲೆ ಓದಿ ತಿಳಿದೆ.

ಮೊದಲ ಚೀಟಿಯಲ್ಲಿ ‘ಗೊತ್ತಿಲ್ಲ, ಜಾಸ್ತಿ’ ಅಂತಿತ್ತು. ಓನರ್ ಮನೆ ಹುಡುಗಿ ಕಿಸಕ್ಕನೆ ನಕ್ಕಳು. ಎಲ್ಲರೂ ನಕ್ಕರು. ಮುಂದಿನ ಮೂರರಲ್ಲಿ ಆದಾಯ ಬೇರೆ ಬೇರೆ, ಬಾಡಿಗೆ ಮಾತ್ರ ಎಂಟು ಸಾವಿರ. ಕೊನೆಯದರಲ್ಲಿ ಆರು. ನಾನು ಓದುತ್ತ ಬೋರ್ಡಿನ ಮೇಲೆ ‘೬’ ಬರೆದಿದ್ದೆ.

“ಮಿಸ್, ಅದು ತಪ್ಪು,” ಅಂದಳು ಓನರ್ ಮನೆ ಹುಡುಗಿ. “ನಮ್ ಬಿಲ್ಡಿಂಗ್‌ನಲ್ಲಿ ಎಲ್ಲಾ ಮನೆಗೂ ಎಂಟೇ. ಆರು ಯಾರ್ದೂ ಇಲ್ಲ.”

“ಇದೆ ಕಣೇ, ನಮ್ದು ಆರು,” ಅಂದಳು ಪಕ್ಕದವಳು. ಮನೆಯ ಲೆಕ್ಕ ತನಗೆ ಗೊತ್ತೆಂಬ ಹೆಮ್ಮೆ ದನಿಯಲ್ಲಿತ್ತು. “ಕೆಳಗಡೆ ಮನೆಗಳಿಗೆ ಆರೇ ಅಲ್ವಾ?”

“ಅಯ್ಯೋ, ನಿಮ್ದು ಬೇರೆ ಬಿಡೇ. ನಿಮ್ಮಪ್ಪ ಹೋದ್ಮೇಲೆ ನಮ್ಮಮ್ಮ ಎರಡು ಸಾವಿರ ಬಿಟ್ಬಿಟ್ರು. ಯಾರಿಗೂ ಹೇಳ್ಬೇಡ ಅಂದಿದ್ರು—”

ಅಷ್ಟು ಹೇಳಿದ ಮೇಲೆ ಅವಳಿಗೆ ತಾನು ಹೇಳಿದ್ದು ಕೇಳಿಸಿತು. ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ಬ್ಯಾಂಕಿನ ಅಧಿಕಾರಿಯಾಗಿದ್ದ ಒಂದು ಹುಡುಗಿ ಇನ್ನೂ ಆಟದಲ್ಲೇ ಇದ್ದಳು. “ಹಾಗಾದ್ರೆ ಮಿಸ್, ಇವರ ಮನೆ ಕಡಿಮೆ ಬಡ್ಡಿ ದೇಶ!” ಅಂದಳು. ಇಬ್ಬರು ನಕ್ಕರು.

ಡಸ್ಟರ್ ಹುಡುಕದೆ ನನ್ನ ಕರ್ಚೀಫಿನಿಂದಲೇ ಆ ಆರನ್ನು ಒರೆಸಿದೆ. ಬಿಳಿ ಮಸುಕು ಉಳಿಯಿತು. ಕೆಳಮನೆ ಹುಡುಗಿ ಪೆನ್ಸಿಲನ್ನು ಕೊಳವೆಯಿಂದ ತೆಗೆದು ಎರಡನ್ನೂ ಬೇರೆ ಬೇರೆ ಬ್ಯಾಗಿಗೆ ಹಾಕಿ, “ಬಸ್ಸಿಗೆ ಲೇಟಾಗುತ್ತೆ ಮಿಸ್,” ಅಂದು ಎದ್ದು ಹೋದಳು. ಅವಳ ಮನೆ ಇರುವುದು ಶಾಲೆಯಿಂದ ಎರಡು ಬೀದಿ ಆಚೆ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಶಾಲೆಗೆ ಬರುತ್ತಿದ್ದಳು, ಕೊನೆಯ ಗಂಟೆ ಹೊಡೆದ ಕೂಡಲೆ ಹೊರಟುಬಿಡುತ್ತಿದ್ದಳು. ಬೆಂಚೂ ಬದಲಾಯಿಸಿದ್ದಳಂತೆ. ಓನರ್ ಮನೆ ಹುಡುಗಿ ನಾನು ಬರೆದುಕೊಟ್ಟದ್ದನ್ನು ಅರ್ಧ ಒಪ್ಪಿಸಿ, ಅಸ್ಥಿಪಂಜರದ ಕಡೆ ತಿರುಗಿ ಅತ್ತಳು.

ಶನಿವಾರ ತರಕಾರಿ ಗಾಡಿಯ ಹತ್ತಿರ ಓನರ್ ಮನೆ ಹುಡುಗಿಯ ತಾಯಿ ಸಿಕ್ಕರು. ಕೈಯಲ್ಲಿದ್ದ ಮೂಲಂಗಿಯನ್ನು ಗಾಡಿಗೇ ವಾಪಸ್ಸಿಟ್ಟು ನನ್ನನ್ನು ಪಕ್ಕಕ್ಕೆ ಕರೆದರು.

“ಏನ್ ಮೇಡಂ ಇಂಗ್ ಮಾಡ್ಬುಟ್ರಿ? ಪಾಠ ಏಳ್ಕೊಡಿ ಅಂದ್ರೆ ನಮ್ ಮನೆ ಮಾತ್ನೆಲ್ಲ ಬೋರ್ಡ್ ಮ್ಯಾಲ್ ಬರ್ದ್ರಂತೆ.”

“ತಪ್ಪಾಯ್ತು ಕಣ್ರೀ,” ಅಂದೆ.

“ನಮ್ಮುಡ್ಗಿ ಬಾಯಿಗೂ ಬೀಗ ಇಲ್ಲ ಬುಡಿ. ಈಗ ನೋಡಿ, ಮಿಕ್ಕ ಮನೆಯೋರೆಲ್ಲ ಬಂದು ನಮ್ಗೂ ಕಮ್ಮಿ ಮಾಡಿ ಅಂತಾರೆ. ಯಾವ್ ಲೆಕ್ಕದಲ್ಲಿ ಅವ್ರಿಗೆ ಬುಟ್ರಿ, ನಮ್ಗ್ಯಾಕಿಲ್ಲ ಅಂತಾರೆ. ನಾನೇನ್ ಏಳ್ಲಿ? ಪಾಪ ಅನ್ನಿಸ್ತು, ಬುಟ್ಟೆ. ಅದ್ಕೂ ಲೆಕ್ಕ ಇರ್ತದಾ? ಆಯಮ್ಮ ನೋಡಿದ್ರೆ, ತಿಂಗಳ ಕಡೇಲಿ ಮನೆ ಖಾಲಿ ಮಾಡ್ತೀನಿ ಅಂತ ಏಳ್ಬುಟ್ಟವ್ಳೆ.” ಸೆರಗಿನಿಂದ ಮೂಗು ಒರೆಸಿಕೊಂಡರು. “ನಂಗೆ ದುಡ್ ಬ್ಯಾಡ ಮೇಡಂ. ಅವ್ಳ್ ಇರ್ಬೇಕು. ನನ್ ಮಗಳ್ ರಾತ್ರಿ ಊಟ ಬುಟ್ಟವ್ಳೆ.”

ಭಾನುವಾರ ಕೆಳಮನೆಗೆ ಹೊರಟೆ. ಬರಿಗೈಯಲ್ಲಿ ಹೇಗೆ ಹೋಗುವುದೆಂದು ಡಬ್ಬಿಗೆ ಚಕ್ಕುಲಿ ತುಂಬಿದೆ. ಬೀಗ ಹಾಕುವಾಗ ಏನೋ ಅನ್ನಿಸಿ ಡಬ್ಬಿಯನ್ನು ಒಳಗಿಟ್ಟು ಬರಿಗೈಯಲ್ಲೇ ಹೋದೆ.

ಒಂದೇ ಕೋಣೆ, ಅದರ ಮೂಲೆಯಲ್ಲಿ ಅಡುಗೆ. ಕೆಲಸದ ಯೂನಿಫಾರಂ ಕಿಟಕಿಯ ಸರಳಿಗೆ ಒಣಹಾಕಿತ್ತು. ಹುಡುಗಿ ಗೋಡೆಯ ಕಡೆ ಮುಖ ಮಾಡಿ ನೋಟ್ಸ್ ಬರೆಯುತ್ತಿದ್ದಳು, ತಿರುಗಲಿಲ್ಲ.

“ಬರ್ರಿ ಮೇಡಂ, ಕುಂಡ್ರಿ,” ಅಂದರು ತಾಯಿ. ಇದ್ದ ಒಂದು ಸಾಸರನ್ನು ನನ್ನ ಚಹಾದ ಕೆಳಗಿಟ್ಟರು.

ತಪ್ಪು ನನ್ನದು ಅಂದೆ. “ನಿಮ್ದೇನ್ ತಪ್ರಿ. ನೀವು ಲೆಕ್ಕಾ ಕಲಿಸಾಕ ಹೋದ್ರಿ. ನಾನ ಮಗಳಿಗೆ ಹೇಳಿರ್ಲಿಲ್ಲ,” ಅಂದರು. ಆಮೇಲೆ ತಾವಾಗಿಯೇ ಹೇಳಿದರು. “ಓನರ್ ಅಕ್ಕಾರು ಒಳ್ಳೇ ಮನಸಿಂದನ ಬಿಟ್ಟಾರ್ರಿ, ಖರೇ. ಒಮ್ಮೀನೂ ಆಡಿ ತೋರ್ಸಿಲ್ಲ. ಆದ್ರ ಎರಡು ವರ್ಷ ಆತು, ಅವರ ಮುಂದ ನಾ ತಲೀ ಎತ್ತಿ ಮಾತಾಡಿಲ್ಲ. ಡ್ಯೂಟಿಗೆ ಹೋಗೂ ಮುಂದ ಮ್ಯಾಲೆ ಹೋಗಿ ಅವರ ತಾರಸಿ ಕಸಾ ಹೊಡದು ಬರ್ತೀನಿ. ಅವರು ಬ್ಯಾಡ ಅಂತಾರ. ನನ್ನ ಕೈ ಕೇಳಂಗಿಲ್ರಿ. ಈಗ ಎಲ್ಲಾರಿಗೂ ಗೊತ್ತಾತು. ಅತ್ತಿಬೆಲಿ ಕಡೆ ನನ್ನ ತಂಗಿ ಅದಾಳ, ಫ್ಯಾಕ್ಟರಿಗೆ ಹೋಗ್ತಾಳ. ಅಲ್ಲೇ ಹೋಗ್ತೀವಿ. ಸಾಲಿ ಅಲ್ಲೂ ಇರ್ತಾವ.”

ಹುಡುಗಿಯ ಪೆನ್ಸಿಲ್ ನಿಂತಿತ್ತು. ಗೋಡೆಯ ಕಡೆ ನೋಡಿಕೊಂಡೇ ಕೇಳಿದಳು. “ಮಿಸ್, ಕಡಿಮೆ ಬಡ್ಡಿಗೆ ಸಾಲ ತಗೊಳ್ಳೋ ದೇಶ ಹೋಗಿ ಬ್ಯಾಂಕ್ ಮುಂದೆ ಕಸ ಗುಡಿಸ್ಬೇಕಾ?”

ತಾಯಿ “ಏ!” ಅಂದರು.

ನಾನು ಯೋಚಿಸಿಯೇ ಉತ್ತರ ಕೊಟ್ಟೆ. “ಇಲ್ಲ. ಷರತ್ತುಗಳಿರ್ತವೆ. ಕೆಲವು ಕಷ್ಟದ್ದೂ ಇರ್ತವೆ. ಆದ್ರೆ ಏನು ಷರತ್ತು ಅಂತ ಮೊದಲೇ ಬರೆದಿರ್ತಾರೆ.”

“ಪಟ್ಟಿಲಿ ಹೆಸರಿದ್ರೆ?”

“ಇದ್ರೆ, ಕೇಳೋಕೆ ಹಕ್ಕಿರುತ್ತೆ.”

ಆಗ ತಿರುಗಿದಳು. “ಹಾಗಾದ್ರೆ ನಾನು ವಿರೋಧ ಮಾತಾಡಲ್ಲ ಮಿಸ್. ನಂಗೆ ಪರ ಕೊಡಿ.”

ಚಹಾ ಆರಿಹೋಗಿತ್ತು. ಕುಡಿದೆ. ನಾನು ಅವಳಿಗೆ ಬರೆದುಕೊಟ್ಟಿದ್ದ ಭಾಷಣ ಯಾರನ್ನು ಕಣ್ಣ ಮುಂದಿಟ್ಟುಕೊಂಡು ಬರೆದದ್ದು ಎಂದು ನನಗೆ ಆಗ ತಿಳಿಯಿತು. ಅವಳನ್ನೇ ನೋಡಿ ಬರೆದಿದ್ದೆ. ಅವಳನ್ನು ಕೇಳಿ ಬರೆದಿರಲಿಲ್ಲ.

ಸೋಮವಾರ ಹೆಡ್‌ಮಿಸ್ ಒಪ್ಪಲಿಲ್ಲ. “ಹೆಸರು ಕಳಿಸಿ ಆಗಿದೆ ಮೇಡಂ. ಇನ್ನು ಹನ್ನೊಂದು ದಿನ. ಬಾಯಿಪಾಠ ಆಗಿರೋದನ್ನ ಉಲ್ಟಾ ಮಾಡೋದು ಅಂದ್ರೆ?”

“ಬಾಯಿಪಾಠ ಬೇಡ ಅಂತಾನೇ ಕೇಳ್ತಿದೀನಿ ಮಿಸ್. ನಾನು ಕಲಿಸಿದ್ದು ಡಿಬೇಟೇ ಅಲ್ಲ.” ಮೊದಲ ದಿನವೇ ಹೇಳಬೇಕಿದ್ದದ್ದನ್ನು ಅವತ್ತು ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, ಕಂಪನಿಯವರಿಗೆ ಫೋನ್ ಮಾಡಿದರು. ಹೆಸರು ಅದಲುಬದಲು ಮಾಡಲು ಅಡ್ಡಿಯಿಲ್ಲ ಅಂದರಂತೆ.

ಓನರ್ ಮನೆ ಹುಡುಗಿಯನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟವಾಯಿತು. “ನಾನು ಅವಳ ವಿರುದ್ಧ ಮಾತಾಡಲ್ಲ. ಆಗ್ಲೇ ಒಂದ್ಸಲ ಮಾತಾಡಿ ಆಯ್ತಲ್ಲ,” ಅಂದಳು. ಕೆಳಮನೆ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಂದು, “ನೀನು ವಿರೋಧ ಮಾಡ್ಲಿಲ್ಲ ಅಂದ್ರೆ ನಾನ್ ಯಾರಿಗೆ ಉತ್ತರ ಕೊಡ್ಲೇ, ಗೋಡೆಗಾ?” ಅಂದಳು. ಓನರ್ ಮನೆ ಹುಡುಗಿ ಅಳುತ್ತಲೇ ನಕ್ಕಳು. ಅವತ್ತು ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು, ನಡುವೆ ಒಂದು ಬ್ಯಾಗಿನಷ್ಟು ಜಾಗ ಬಿಟ್ಟು.

ಹಳೆಯ ಹಾಳೆಗಳನ್ನು ಮಡಚಿ ನನ್ನ ಚೀಲಕ್ಕೆ ಹಾಕಿದೆ. ಹೊಸ ಕ್ರಮ ಹೀಗಿತ್ತು: ಪ್ರತಿಯೊಬ್ಬಳೂ ಮೂರೇ ವಿಷಯ ಇಟ್ಟುಕೊಳ್ಳಬೇಕು, ವಾಕ್ಯ ಬರೆದುಕೊಳ್ಳುವಂತಿಲ್ಲ. ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ಮೊದಲು ತನ್ನ ಮಾತಿನಲ್ಲಿ ಸರಿಯಾಗಿ ಹೇಳಿ ತೋರಿಸಬೇಕು, ಆಮೇಲೆ ಉತ್ತರ. ಉಳಿದ ಒಂಬತ್ತು ಮಂದಿ ಅಡ್ಡಪ್ರಶ್ನೆ ಕೇಳಬೇಕು. ನಾನು ಗಂಟೆಗೆ ಬದಲು ಸ್ಟೀಲ್ ಡಬ್ಬಿಯ ಮೇಲೆ ಚಮಚ ಹೊಡೆಯುತ್ತಿದ್ದೆ. ಕೈ ಎಲ್ಲಿ ಎತ್ತಬೇಕೆಂದು ಹೇಳುವುದನ್ನು ಬಿಟ್ಟೆ. ಮೊದಲೆರಡು ದಿನ ಇಬ್ಬರೂ ಒಂದು ನಿಮಿಷಕ್ಕೆ ಬರಿದಾಗುತ್ತಿದ್ದರು. ನಾಲ್ಕನೆಯ ದಿನ ಚಮಚದ ಸದ್ದು ಅವರಿಗೆ ಕೇಳಿಸದಾಯಿತು. ಬ್ಯಾಗು ಅಷ್ಟರಲ್ಲಿ ಬೆಂಚಿನ ಕೆಳಗೆ ಹೋಗಿತ್ತು. ಸಂಜೆ ಓನರ್ ಮನೆಯಲ್ಲೂ ಅಭ್ಯಾಸ ನಡೆಯುತ್ತಿದೆ ಎಂದು ಕೇಳಿದೆ.

ಮನೆ ಖಾಲಿ ಮಾಡುವ ಮಾತು ಹಾಗೇ ಇತ್ತು. ಸ್ಪರ್ಧೆಗೆ ಮೂರು ದಿನವಿರುವಾಗ ಕೆಳಮನೆ ಹುಡುಗಿ ತನ್ನ ಮೂರನೆಯ ವಿಷಯವಾಗಿ ತಮ್ಮ ಮನೆಯ ಬಾಡಿಗೆಯ ಕಥೆಯನ್ನೇ ಹೇಳಿದಳು, ತಾರಸಿಯ ಕಸವನ್ನೂ ಸೇರಿಸಿ. ಸರಿಯಾಗಿ ಒಂದು ನಿಮಿಷ. ಅದನ್ನು ಹೇಳಿದರೆ ಬಹುಮಾನ ಬರುತ್ತದೆ ಎಂದು ನನಗೆ ಖಂಡಿತ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. “ನಿಮ್ಮಮ್ಮನ್ನ ಕೇಳು,” ಅಂದೆ. ಮರುದಿನ ಬಂದು, “ನಿನಗ ತಿಳದಂಗ ಮಾಡು ಅಂದ್ರು ಮಿಸ್,” ಅಂದಳು.

ಸ್ಪರ್ಧೆಯ ದಿನ ಐಟಿ ಪಾರ್ಕಿನ ಗೇಟಿನಲ್ಲಿ ಎಲ್ಲರ ಕೊರಳಿಗೂ ಒಂದೊಂದು ವಿಸಿಟರ್ ಟ್ಯಾಗ್ ಹಾಕಿದರು. ಸಭಾಂಗಣದ ಏಸಿಗೆ ಮಕ್ಕಳು ಸಮವಸ್ತ್ರದ ತೋಳು ಎಳೆದುಕೊಂಡು ಕೂತರು. ಓನರ್ ಮನೆಯಾಕೆ ರೇಷ್ಮೆ ಸೀರೆಯುಟ್ಟು ಮೂರನೆಯ ಸಾಲಿನಲ್ಲಿದ್ದರು. ಕೆಳಮನೆ ತಾಯಿಯ ಡ್ಯೂಟಿ ಅದೇ ಪಾರ್ಕಿನಲ್ಲಿ. ಸೂಪರ್‌ವೈಸರನ್ನು ಕೇಳಿ ಇಪ್ಪತ್ತು ನಿಮಿಷ ಬಿಡುವು ಮಾಡಿಕೊಂಡು ಯೂನಿಫಾರಂನಲ್ಲೇ ಬಂದು ಹಿಂಬದಿಯ ಬಾಗಿಲ ಹತ್ತಿರ ನಿಂತರು. ಕುರ್ಚಿ ಖಾಲಿಯಿದ್ದರೂ ಕೂರಲಿಲ್ಲ.

ವಿರೋಧದವಳು ಮೊದಲು. “ನಮ್ಮದೊಂದು ಬಿಲ್ಡಿಂಗ್ ಇದೆ,” ಎಂದು ಶುರುಮಾಡಿದಾಗ ನಾನು ಹಿಂಬದಿಯ ಬಾಗಿಲ ಕಡೆ ತಿರುಗಿ ನೋಡಿದೆ. ಆದರೆ ಅವಳು ಹೇಳಿದ್ದು ತಮ್ಮ ಮನೆಯದು ಮಾತ್ರ. “ನಮ್ಮನೆ ಸೇರಿಸಿ ಸರಾಸರಿ ತೆಗೆದರೆ ಆ ಬಿಲ್ಡಿಂಗ್‌ನಲ್ಲಿ ಎಲ್ಲರೂ ಅನುಕೂಲಸ್ಥರು. ನಮ್ಮನೆ ಬಿಟ್ಟು ತೆಗೆದರೆ ಯಾರೂ ಅಲ್ಲ. ಒಂದು ಮನೆ ಸೇರಿಸೋದರಿಂದ, ಬಿಡೋದರಿಂದ ಹನ್ನೆರಡು ಮನೆಯ ಹಣೆಬರಹ ಬದಲಾಗುತ್ತೆ ಅಂದ್ರೆ, ಆ ಲೆಕ್ಕ ಆ ಹನ್ನೆರಡು ಮನೆಯ ಬಗ್ಗೆ ಏನು ಹೇಳಿದ ಹಾಗಾಯ್ತು?” ತೀರ್ಪುಗಾರರಲ್ಲಿ ಒಬ್ಬರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು.

ಮಧ್ಯೆ ಬೇರೆ ಶಾಲೆಯ ನಾಲ್ವರಾದ ಮೇಲೆ ಕೆಳಮನೆ ಹುಡುಗಿಯ ಸರದಿ. ಗೆಳತಿಯ ಮಾತನ್ನು ಮೊದಲು ಸರಿಯಾಗಿ ಹೇಳಿ ತೋರಿಸಿದಳು. “ಅದು ನಿಜ. ಸರಾಸರಿ ಸುಳ್ಳು ಹೇಳುತ್ತೆ. ಆದರೆ ಪಟ್ಟಿಯೇ ಇಲ್ಲದಿದ್ದರೆ ಏನಾಗುತ್ತೆ? ಸಹಾಯ ಆಗಲೂ ಸಿಗುತ್ತೆ, ಒಳ್ಳೆಯವರು ಇರುವ ಕಡೆ. ಆದರೆ ಯಾಕೆ ಸಿಕ್ಕಿತು ಅಂತ ಯಾರಿಗೂ ಗೊತ್ತಿರಲ್ಲ. ಎಷ್ಟು ದಿನ ಇರುತ್ತೆ ಅಂತಾನೂ ಗೊತ್ತಿರಲ್ಲ. ಅದನ್ನ ಕೊಟ್ಟವರೂ ಮುಚ್ಚಿಡಬೇಕು, ತಗೊಂಡವರೂ ಮುಚ್ಚಿಡಬೇಕು. ಪಟ್ಟಿ ಇದ್ದರೆ ತಪ್ಪಾಗಿದೆ, ತಿದ್ದಿ ಅಂತ ಕೇಳಬಹುದು. ದಯೆಯನ್ನ ತಿದ್ದಿ ಅಂತ ಯಾರನ್ನ ಕೇಳೋದು?”

ಆಮೇಲೆ ಮೂರನೆಯ ವಿಷಯ ಬರಬೇಕಿತ್ತು. ಅವಳು ಮೂರನೆಯ ಸಾಲಿನ ರೇಷ್ಮೆ ಸೀರೆಯ ಕಡೆ ನೋಡಿದಳು. ಹಿಂಬದಿಯ ಬಾಗಿಲ ಕಡೆ ನೋಡಿದಳು. “ಇಷ್ಟೇ. ವಂದನೆಗಳು,” ಅಂದು ಕೂತುಬಿಟ್ಟಳು. ಮೊದಲ ಗಂಟೆ ಇನ್ನೂ ಹೊಡೆದಿರಲಿಲ್ಲ.

ಸಮಯ ಪೂರ್ತಿ ಬಳಸಿಕೊಳ್ಳಲಿಲ್ಲ ಎಂದು ಅವಳಿಗೆ ಅಂಕ ಕಳೆದರಂತೆ. ವಿರೋಧದಲ್ಲಿ ಓನರ್ ಮನೆ ಹುಡುಗಿಗೆ ಮೂರನೆಯ ಬಹುಮಾನ. ಇವಳಿಗೆ ಭಾಗವಹಿಸಿದ ಪತ್ರ. ಹೊರಗೆ ಟ್ಯಾಗ್ ಬಿಚ್ಚಿ ಕೊಡುವಾಗ ನಾನು ಕೇಳಿದೆ, ಮರೆತುಹೋಯಿತಾ ಎಂದು.

“ಇಲ್ಲ ಮಿಸ್. ಇಬ್ಬರೂ ಇದ್ರಲ್ಲ. ಹೇಳಿದ್ರೆ ಮತ್ತೆ ಬೋರ್ಡ್ ಮೇಲೆ ಬರೆದ ಹಾಗೆ ಆಗ್ತಿತ್ತು.”

ಅವಳು ಅದನ್ನು ನನ್ನನ್ನು ಚುಚ್ಚಲು ಹೇಳಲಿಲ್ಲ. ನನ್ನ ಕೈಯಲ್ಲಿದ್ದ ಚೀಲವನ್ನು ತಾನು ಇಸಿದುಕೊಂಡು ಮುಂದೆ ನಡೆದಳು.

ಮನೆ ಕಡೆ ಬರುವಾಗ ಓನರ್ ಮನೆಯಾಕೆ ನನ್ನ ಜೊತೆ ಹಿಂದುಳಿದರು. “ಆ ಮಗ ಒಂದ್ ನಿಮ್ಸ ನುಂಗ್ಕಂಡ್ಳು ಅಲ್ವಾ ಮೇಡಂ?”

ನಾನು ಅವರ ಮುಖ ನೋಡಿದೆ.

“ನಮ್ಮನೇಲೇ ಪ್ರಾಕ್ಟೀಸ್ ಮಾಡೋರು. ಅಡ್ಗೆಮನೇಲಿ ನಿಂತು ಕೇಳುಸ್ಕಂಡಿದ್ದೆ. ಈಗ್ ಏಳ್ತಾಳೆ, ಈಗ್ ಏಳ್ತಾಳೆ ಅಂತ ಸೆರಗ್ ಗಟ್ಟಿಯಾಗ್ ಇಡ್ಕಂಡ್ ಕುಂತಿದ್ದೆ.” ಸೀರೆಯ ನೆರಿಗೆ ಎತ್ತಿಹಿಡಿದು ಚರಂಡಿ ದಾಟಿದರು. “ಪಟ್ಟಿ ಇರ್ಬೇಕು ಅಂದ್ಳಲ್ಲ, ನಮ್ ಬಾಡ್ಗೆಗೂ ಒಂದ್ ಇರ್ಲಿ. ನೀವೇ ಬರ್ಕೊಡಿ ಮೇಡಂ. ನಿಮ್ಮಕ್ಸರ ದುಂಡುಗವೆ.”

ಅವರ ಊಟದ ಮೇಜಿನ ಮೇಲೆ ಕೂತು ಬರೆದೆವು. ಗೆರೆ ಎಲ್ಲಿ ಎಳೆಯುವುದು ಎಂಬುದಕ್ಕೇ ಎರಡು ಸಂಜೆ ಹಿಡಿಯಿತು. “ಸಂಬ್ಳ ಎಷ್ಟು ಅಂತ ಕೇಳಿದ್ರೆ ನಿಮ್ಮಂಗೇ ಆಯ್ತದೆ ನನ್ ಕತೆ,” ಎಂದು ನನ್ನನ್ನು ಕುಟುಕಿದರು. ದುಡಿಯುವವರು ಎಷ್ಟು, ಓದುವವರು ಎಷ್ಟು ಎಂದು ಕೇಳಬಹುದು, ಅದು ಹೇಗೂ ಎಲ್ಲರಿಗೂ ಕಾಣುವಂಥದ್ದೇ ಎಂದು ಕೊನೆಗೆ ಒಪ್ಪಿಕೊಂಡೆವು. ‘ಒಬ್ಬರ ದುಡಿಮೆಯಲ್ಲಿ ಮಕ್ಕಳು ಓದುತ್ತಿರುವ ಮನೆಗೆ ಬಾಡಿಗೆ ಆರು ಸಾವಿರ. ಇತರ ಮನೆಗಳಿಗೆ ಎಂಟು ಸಾವಿರ.’ ಅಷ್ಟೇ. ಅದನ್ನು ಕೆಳಗಿನ ಕರೆಂಟ್ ಮೀಟರುಗಳ ಪಕ್ಕ ಅಂಟಿಸಿದರು.

ವಾರದೊಳಗೆ ಎರಡನೆಯ ಮಹಡಿಯ ಮನೆಯಿಂದ ಗಂಡಹೆಂಡತಿ ಬಂದರು. ಗಂಡನ ಕೆಲಸ ಹೋಗಿ ಮೂರು ತಿಂಗಳಾಗಿ, ಹೆಂಡತಿಯೊಬ್ಬಳ ದುಡಿಮೆಯಲ್ಲಿ ಮಕ್ಕಳು ಓದುತ್ತಿದ್ದರು. ಯಾರಿಗೂ ತಿಳಿಯಬಾರದೆಂದು ಅವನು ದಿನಾ ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಹೊರಡುತ್ತಿದ್ದನಂತೆ. “ನೋಡಿ ಮೇಡಂ, ನಿಮ್ ಪಟ್ಟಿ ನಂಗೇ ದುಬಾರಿ ಆಯ್ತು,” ಎಂದು ಓನರ್ ಮನೆಯಾಕೆ ನನ್ನ ಮೇಲೆ ರೇಗಿದರು. ಹಾಳೆಯನ್ನು ಮಾತ್ರ ಕೀಳಲಿಲ್ಲ.

ತಿಂಗಳ ಕೊನೆ ಬಂತು, ಹೋಯಿತು. ಕೆಳಮನೆಯ ಕಿಟಕಿಯ ಸರಳಿನಲ್ಲಿ ಯೂನಿಫಾರಂ ಒಣಗುತ್ತಲೇ ಇತ್ತು.

ಮೊನ್ನೆ ಬೆಳಿಗ್ಗೆ ಹಾಲು ತರಲು ಹೋದವಳು ಆ ಕಟ್ಟಡದ ಬಾಗಿಲಲ್ಲಿ ನಿಂತು ಹಾಳೆ ನೋಡಿದೆ. ನನ್ನ ದುಂಡಕ್ಷರದ ಕೆಳಗೆ ಪೆನ್ಸಿಲಿನಲ್ಲಿ ಬಲಕ್ಕೆ ವಾಲಿದ ಚಿಕ್ಕ ಅಕ್ಷರಗಳು: ‘ಈ ಪಟ್ಟಿಯನ್ನು ಪ್ರತಿ ವರ್ಷ ಜುಲೈ ಒಂದರಂದು ಪರಿಷ್ಕರಿಸಲಾಗುವುದು.’ ಅದರ ಕೆಳಗೆ ನೀಲಿ ಬಾಲ್‌ಪೆನ್ನಿನಲ್ಲಿ ಇನ್ನೊಂದು ಕೈ ದಪ್ಪಗೆ ಬರೆದಿತ್ತು: ‘ಸರಾಸರಿ ತೆಗೆಯುವಂತಿಲ್ಲ!!’

ನಗುತ್ತ ನಿಂತಿದ್ದಾಗ ತಲೆಯ ಮೇಲೆ ಸಣ್ಣಗೆ ಧೂಳು ಉದುರಿತು. ಮೇಲೆ ತಾರಸಿಯಲ್ಲಿ ಓನರ್ ಮನೆಯಾಕೆ ಗೊಣಗುತ್ತ ತಾವೇ ಕಸ ಗುಡಿಸುತ್ತಿದ್ದರು. ಕೆಳಮನೆ ತಾಯಿ ಯೂನಿಫಾರಂ ತೊಟ್ಟು, ಟಿಫಿನ್ ಚೀಲ ಹಿಡಿದು ಡ್ಯೂಟಿಗೆ ಹೊರಬಂದವರು ಅಂಗಳದಲ್ಲಿ ನಿಂತರು. ಕಣ್ಣಿಗೆ ಕೈ ಅಡ್ಡ ಹಿಡಿದು, ಕತ್ತು ಪೂರ್ತಿ ಮೇಲೆತ್ತಿ ಕೂಗಿದರು:

“ಅಕ್ಕಾರ, ಸ್ವಲ್ಪ ಮೆಲ್ಲಕ ಹೊಡೀರಿ! ಧೂಳೆಲ್ಲಾ ಕೆಳಗ ಬರಾಕತ್ತೈತಿ.”